ಭೌತಶಾಸ್ತ್ರ, ಜೀವಶಾಸ್ತ್ರ, ಪರಿಹಾರ ಕಾರ್ಯ, ಆರೋಗ್ಯಸೇವೆ ಇವೆಲ್ಲ ಸೇರುವ ಸಂಶೋಧನೆ ನಿಜಕ್ಕೂ ಇದೆಯೇ?

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುತ್ತಿರುವ ನಿಮಗೆ ಜೀವಶಾಸ್ತ್ರದಲ್ಲೂ ಆಸಕ್ತಿ ಇದೆ. ಸಂಕಷ್ಟದಲ್ಲಿರುವ ಜನರಿಗೆ ಉಪಯೋಗವಾಗುವ ಕೆಲಸ ಮಾಡಬೇಕೆಂಬ ಮನಸ್ಸೂ ಇದೆ. ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಉಳಿದವನ್ನು ಬಿಡಲೇಬೇಕೇ ಎಂದು ಕೇಳಿದ್ದೀರಿ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವವನಾಗಿ ನನ್ನ ಉತ್ತರವಿದು: ಬಿಡಬೇಕಾಗಿಲ್ಲ, ಆದರೆ ಇವು ತಾವಾಗಿಯೇ ಸೇರುವುದೂ ಇಲ್ಲ. ಇದಕ್ಕೆ ನಾನು ಕೊಡಬಲ್ಲ ಅತ್ಯುತ್ತಮ ಉದಾಹರಣೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಇರುವ, ಭೇದಿಯಾದವರಿಗೆ ನೀರಿನಲ್ಲಿ ಕರಗಿಸಿ ಕುಡಿಸುವ ಓಆರ್‌ಎಸ್ ಪೊಟ್ಟಣ.

ಕಾಲರಾ ತಗುಲಿದವರ ಮೈಯಿಂದ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ರೋಗಿ ಸಾಯುವುದು ಬಹುಮಟ್ಟಿಗೆ ಈ ನಷ್ಟದಿಂದಲೇ. ಕುಡಿಸಿದ ನೀರು ಕರುಳಿನಲ್ಲಿ ನಿಲ್ಲದ ಕಾರಣ ರಕ್ತನಾಳದ ಮೂಲಕ ಡ್ರಿಪ್ ಕೊಡುವುದೊಂದೇ ದಾರಿ ಎಂದು ವೈದ್ಯರು ಬಹುಕಾಲ ನಂಬಿದ್ದರು. ಕಾಲರಾ ಕರುಳಿನ ಒಳಪದರವನ್ನೇ ಕಿತ್ತುಹಾಕುತ್ತದೆ ಎಂಬ ಹಳೆಯ ಅಭಿಪ್ರಾಯವೂ ಈ ನಂಬಿಕೆಗೆ ಬಲ ಕೊಟ್ಟಿತ್ತು. ಕಲ್ಕತ್ತದ ಶಂಭುನಾಥ್ ದೇ ಅವರು ಕಾಲರಾ ಬ್ಯಾಕ್ಟೀರಿಯಾವನ್ನು ಬೆಳೆಸಿ, ಆಮೇಲೆ ಅದನ್ನು ಪೂರ್ತಿ ಸೋಸಿ ತೆಗೆದ ದ್ರವವೂ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆ ಎಂದು 1959ರಲ್ಲಿ ತೋರಿಸಿ, ಇದೆಲ್ಲ ಒಂದು ವಿಷದ ಕೆಲಸವೆಂದು ಸ್ಥಾಪಿಸಿದರು. ಮರುವರ್ಷ ಪ್ರಕಟವಾದ ವರದಿಯ ಪ್ರಕಾರ, ಬ್ಯಾಂಕಾಕ್‌ನಲ್ಲಿ ರೋಗಿಗಳ ಕರುಳಿನಿಂದ ಸಣ್ಣ ಚೂರು ತೆಗೆದು ಪರೀಕ್ಷಿಸಿದಾಗ ಒಳಪದರ ಹಾಳಾಗದೆ ಉಳಿದಿರುವುದು ಕಂಡುಬಂತು.

ಅದೇ 1960ರಲ್ಲಿ, ಕಾಲರಾದೊಂದಿಗೆ ಯಾವ ಸಂಬಂಧವೂ ಇಲ್ಲದ ಒಂದು ಪ್ರಶ್ನೆಗೆ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ ಪ್ರಾಗ್‌ನ ಸಭೆಯೊಂದರಲ್ಲಿ ಉತ್ತರ ಮಂಡಿಸಿದರು. ಕರುಳಿನ ಜೀವಕೋಶ ಸಕ್ಕರೆಯನ್ನು ಒಳಗೆ ಹೇಗೆ ಎಳೆದುಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ನಿಮ್ಮ ಭೌತಶಾಸ್ತ್ರ ಇಲ್ಲಿಂದಲೇ ಶುರುವಾಗುತ್ತದೆ. ಜೀವಕೋಶ ಸದಾ ಸೋಡಿಯಂ ಅನ್ನು ಹೊರಗೆ ತಳ್ಳುತ್ತಿರುವುದರಿಂದ ಒಳಗೆ ಅದರ ಸಾಂದ್ರತೆ ಕಡಿಮೆ. ಜೊತೆಗೆ ಕೋಶದ ಒಳಭಾಗ ಹೊರಭಾಗಕ್ಕೆ ಹೋಲಿಸಿದರೆ ಋಣವಿದ್ಯುತ್ ಹೊಂದಿರುತ್ತದೆ. ಹಾಗಾಗಿ ಹೊರಗಿನ ಸೋಡಿಯಂ ಅಯಾನು ಒಳಗೆ ಬರಲು ಎರಡು ಬಗೆಯ ಒತ್ತಡಗಳು ಒಟ್ಟಿಗೆ ಇರುತ್ತವೆ. ಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನು ಈ ಇಳಿಜಾರನ್ನು ಬಳಸಿಕೊಂಡು, ಎರಡು ಸೋಡಿಯಂ ಒಳಬರುವಾಗ ಒಂದು ಗ್ಲೂಕೋಸನ್ನೂ ಜೊತೆಗೆ ಕರೆತರುತ್ತದೆ. ಇವೆರಡೂ ಹೋದ ಕಡೆಗೆ ಆಸ್ಮಾಸಿಸ್‌ನಿಂದ, ಅಂದರೆ ಕರಗಿದ ಕಣಗಳು ಹೆಚ್ಚಿರುವ ಕಡೆಗೆ ನೀರು ಹರಿಯುವ ಗುಣದಿಂದ, ನೀರೂ ಹೋಗುತ್ತದೆ. ಕಾಲರಾದ ವಿಷ ಕರುಳಿನಿಂದ ನೀರು ಸುರಿಯುವಂತೆ ಮಾಡಿದರೂ ಈ ಒಳದಾರಿಯನ್ನು ಮುಚ್ಚುವುದಿಲ್ಲ. ಬರೀ ಉಪ್ಪುನೀರು ಕುಡಿಸಿದರೆ ಆಗದ ಕೆಲಸ ಗ್ಲೂಕೋಸ್ ಬೆರೆಸಿದಾಗ ಆಗುವುದು ಈ ಕಾರಣದಿಂದ.

ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದ ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಿದ ವರದಿಯನ್ನು ಕಲ್ಕತ್ತದ ಹೇಮೇಂದ್ರನಾಥ್ ಚಟರ್ಜಿ 1953ರಲ್ಲಿಯೇ ಪ್ರಕಟಿಸಿದ್ದರು. ಅದು ಏಕೆ ಕೆಲಸ ಮಾಡುತ್ತದೆಂಬ ವಿವರಣೆ ಆಗ ಯಾರ ಬಳಿಯೂ ಇರಲಿಲ್ಲ, ಆದ್ದರಿಂದ ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಏಳು ವರ್ಷಗಳ ನಂತರ ವಿವರಣೆ ಬಂತು, ಆದರೆ ಅದನ್ನು ಕಂಡುಕೊಂಡವರ ಮುಂದೆ ರೋಗಿಗಳಿರಲಿಲ್ಲ. ಇವೆರಡನ್ನೂ ಒಂದು ಕಡೆ ತರಲು ಢಾಕಾದ ಕಾಲರಾ ಸಂಶೋಧನಾಲಯದ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಸಂಗಡಿಗರು ಬೇಕಾದರು. ರೋಗಿಯ ಮೈಯಿಂದ ಹೊರಹೋದ ದ್ರವವನ್ನು ಅಳೆದು, ಅಷ್ಟನ್ನೇ ಬಾಯಿಂದ ತುಂಬಿಕೊಡಬಹುದೆಂದು ಅವರು 1968ರಲ್ಲಿ ತೋರಿಸಿದರು. ಒಂದು ಆಲೋಚನೆ ಹುಟ್ಟುವುದಕ್ಕಿಂತ ಅದು ಒಂದು ವಿಷಯದಿಂದ ಇನ್ನೊಂದಕ್ಕೆ ದಾಟುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮಂಥವರು ಬೇಕಾಗಿರುವುದು ಆ ದಾಟುವ ಜಾಗದಲ್ಲಿ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಲಕ್ಷಾಂತರ ಜನರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು ಮತ್ತು ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿಯ ಊರಾದ ಬೊಂಗಾಂವ್‌ನ ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಲದೆ ರೋಗಿಗಳು ನೆಲದ ಮೇಲೆಯೇ ಮಲಗಿದ್ದರು, ಡ್ರಿಪ್‌ನ ದಾಸ್ತಾನು ಮುಗಿಯುತ್ತ ಬಂದಿತ್ತು. ಅಲ್ಲಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನೋಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಅಳತೆಯಲ್ಲಿ ಪೊಟ್ಟಣಗಳನ್ನು ಕಲ್ಕತ್ತದಲ್ಲಿ ಸಿದ್ಧಪಡಿಸಿ ತರಿಸಿದರು. ಕರಗಿಸಿದ ದ್ರಾವಣವನ್ನು ರೋಗಿಗಳಿಗೆ ಕುಡಿಸಿದವರಲ್ಲಿ ಅವರವರ ಮನೆಯವರೂ ಇದ್ದರು. ಡ್ರಿಪ್ಪನ್ನೇ ನಂಬಿದ್ದಾಗ ಸುಮಾರು ಶೇ. 30ರಷ್ಟಿದ್ದ ಸಾವು, ಅವರ ಕೇಂದ್ರದಲ್ಲಿ ಶೇ. 3.6ಕ್ಕೆ ಇಳಿಯಿತು.

ಆ ಸ್ಥಿತಿಯಲ್ಲಿಯೂ ಅವರು ದಾಖಲೆ ಇಟ್ಟರು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಕೆಲವರಿಗೆ ದ್ರಾವಣ ಕೊಟ್ಟು ಕೆಲವರಿಗೆ ಕೊಡದೆ ಹೋಲಿಸಿ ನೋಡುವ ಪ್ರಯೋಗವನ್ನು ಅಲ್ಲಿ ಮಾಡುವಂತಿರಲಿಲ್ಲ, ಮಾಡಲೂಬಾರದಿತ್ತು. ಹಾಗೆಂದು ಎಣಿಸುವುದನ್ನು ಬಿಟ್ಟಿದ್ದರೆ ಆ ಕೆಲಸ ಬೊಂಗಾಂವ್‌ನಲ್ಲೇ ಮುಗಿದುಹೋಗುತ್ತಿತ್ತು. 1973ರಲ್ಲಿ ಅವರು ಪ್ರಕಟಿಸಿದ ಅಂಕಿಗಳು, ತರಬೇತಿಯಿಲ್ಲದ ಕೈಗಳಲ್ಲಿಯೂ ಈ ಚಿಕಿತ್ಸೆ ಸುರಕ್ಷಿತ ಎಂಬುದಕ್ಕೆ ಆಧಾರವಾದವು. ಅದೇ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಈ ವಿಧಾನವನ್ನು ಜಗತ್ತಿಗೆಲ್ಲ ಹರಡಲು ಮುಂದಾದವು. ಸಂಕಟದ ನಡುವೆ ಸಂಶೋಧನೆ ಎಂದರೆ ನಿರ್ದಯತೆ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ.

ಮುಂದಿನ ಸುಧಾರಣೆಯಲ್ಲಿಯೂ ಭೌತಶಾಸ್ತ್ರ ಇದೆ. ಮೊದಲಿನ ಅಧಿಕೃತ ಓಆರ್‌ಎಸ್‌ನ ಆಸ್ಮೊಲಾರಿಟಿ, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಕಣಗಳ ಒಟ್ಟು ಲೆಕ್ಕ, 311 ಮಿಲಿಆಸ್ಮೋಲ್ ಇತ್ತು. ಅದನ್ನು 245ಕ್ಕೆ ಇಳಿಸಿದರೆ ಮಕ್ಕಳಲ್ಲಿ ಭೇದಿಯ ಪ್ರಮಾಣವೂ ವಾಂತಿಯೂ ಕಡಿಮೆಯಾಗುತ್ತವೆ ಎಂದು ಪರೀಕ್ಷೆಗಳು ತೋರಿಸಿದ್ದರಿಂದ 2002ರಲ್ಲಿ ಸೂತ್ರ ಬದಲಾಯಿತು. ಸಕ್ಕರೆ ಹೆಚ್ಚಿರುವ ಪಾನೀಯಗಳು ಇದಕ್ಕೆ ಬದಲಿಯಾಗಲಾರವು. ಕರುಳಿನೊಳಗೆ ಕಣಗಳು ಅತಿಯಾದರೆ ನೀರು ರಕ್ತಕ್ಕೆ ಸೇರುವ ಬದಲು ಕರುಳಿಗೇ ಇಳಿದು ಭೇದಿ ಹೆಚ್ಚುತ್ತದೆ. ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿದ್ದು ಬಹಳ ತಡವಾಗಿ ಬಂದ ಒಳ್ಳೆಯ ನಿರ್ಧಾರ.

ಇನ್ನು ನೀವು ಏನು ಮಾಡಬಹುದು? ನಾಲ್ಕೂ ವಿಷಯಗಳನ್ನು ಸ್ವಲ್ಪ ಸ್ವಲ್ಪ ಓದಬೇಡಿ. ಭೌತಶಾಸ್ತ್ರವನ್ನು, ಅದರಲ್ಲಿಯೂ ಉಷ್ಣಗತಿಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರವನ್ನು, ಆಳವಾಗಿ ಕಲಿಯಿರಿ. ಅದರ ಜೊತೆಗೆ ಕಾಯಿಲೆಯೊಂದರ ವಿಷಯದಲ್ಲಿ ಕೆಲಸ ಮಾಡುವವರ ಒಡನಾಟ ಇಟ್ಟುಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಭೌತಶಾಸ್ತ್ರದ ಹಿನ್ನೆಲೆಯಿಂದ ಬಂದು ಜೀವಕೋಶದ ಮೇಲೆ ಕೆಲಸ ಮಾಡುವವರಿದ್ದಾರೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಂಥ ಕಡೆ ಆಸ್ಪತ್ರೆ ಮತ್ತು ಸಮುದಾಯದ ಆರೋಗ್ಯದ ಸಂಶೋಧನೆಯನ್ನು ಹತ್ತಿರದಿಂದ ನೋಡಬಹುದು.

ಅದಕ್ಕೂ ಮೊದಲು ಇಂದೇ ಒಂದು ಲೆಕ್ಕ ಮಾಡಿ. ಈಗಿನ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇವೆ. ಪ್ರತಿಯೊಂದನ್ನೂ ಅದರ ಅಣುತೂಕದಿಂದ ಭಾಗಿಸಿ, ಸಾವಿರದಿಂದ ಗುಣಿಸಿ, ಅಯಾನುಗಳಾಗಿ ಒಡೆಯುವುದನ್ನು ಗಮನದಲ್ಲಿಟ್ಟು ಕೂಡಿದರೆ 245ರ ಹತ್ತಿರ ಬರುತ್ತೀರಿ. ಬೊಂಗಾಂವ್‌ನ ಸೂತ್ರಕ್ಕೂ ಅದೇ ಲೆಕ್ಕ ಮಾಡಿದರೆ 300ರ ಆಸುಪಾಸು ಬರುತ್ತದೆ. ರಕ್ತದಲ್ಲಿ ಈ ಸಂಖ್ಯೆ ಸುಮಾರು 290. ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು, ರಕ್ತಕ್ಕಿಂತ ತೆಳುವಾದ ದ್ರಾವಣದಿಂದ ನೀರು ಏಕೆ ಬೇಗ ಹೀರಲ್ಪಡುತ್ತದೆ ಎಂದು ನಿಮ್ಮ ಪ್ರಾಧ್ಯಾಪಕರೊಂದಿಗೆ ಚರ್ಚಿಸಿ. ಉತ್ತರದಲ್ಲಿ ಏನಾದರೂ ತೊಡಕಾದರೆ ಇಲ್ಲಿಯೇ ಬರೆಯಿರಿ, ವಿವರಿಸುತ್ತೇನೆ.