ಮೈಸೂರಿನ ಸೈಟು ಮಾರಲೇಬೇಕಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ಮಗಳಿಗೆ ದೊಡ್ಡ ಹೆಸರಿನ ಖಾಸಗಿ ಕಾಲೇಜು ಸಿಕ್ಕಿದೆ. ವರ್ಷಕ್ಕೆ 92,000 ಡಾಲರ್, ಅದರಲ್ಲಿ 48,000 ಏಡ್ (ಓದಿನ ಖರ್ಚಿಗೆ ನೆರವು) ಅಂತ ಪತ್ರ ಬಂದಿದೆ. ಇಲ್ಲಿನ ಸ್ಟೇಟ್ ಯೂನಿವರ್ಸಿಟಿಗೆ ಎಲ್ಲ ಸೇರಿ 38,000. ‘ಬರೀ ಆರು ಸಾವಿರದ ವ್ಯತ್ಯಾಸ, ಮೈಸೂರಿನ ಸೈಟು ಮಾರೋಣ’ ಅಂತ ಯಜಮಾನರ ಹಠ. ಅದು ಅಪ್ಪ ನನಗೆ ಕೊಟ್ಟ ಸೈಟು. ಬೇಡ ಅಂದರೆ ಮಗಳ ಓದಿಗೆ ಅಡ್ಡ ಬಂದ ಹಾಗಾಗುತ್ತದಾ?

ಉತ್ತರ: ನೀವು ಅಡ್ಡ ಬರುತ್ತಿಲ್ಲ, ಲೆಕ್ಕವೇ ತಪ್ಪಿದೆ. ನೀವು ಕಳಿಸಿದ ಪತ್ರದಲ್ಲಿ ಗ್ರಾಂಟ್, ಅಂದರೆ ವಾಪಸ್ ಕೊಡಬೇಕಿಲ್ಲದ ಹಣ, ಇರುವುದು 30,000 ಮಾತ್ರ. 2,500 ವರ್ಕ್-ಸ್ಟಡಿ, ಅಂದರೆ ಮಗಳು ಕ್ಯಾಂಪಸ್ಸಿನಲ್ಲಿ ದುಡಿದರೆ ಸಿಗುವ ಸಂಬಳ. 5,500 ಅವಳ ಸಾಲ. ಉಳಿದ 10,000 ಪೇರೆಂಟ್ ಪ್ಲಸ್, ಅದು ಸರ್ಕಾರ ತಂದೆತಾಯಿಗೆ ಕೊಡುವ, ನಿಮ್ಮ ಹೆಸರಿನ ಸಾಲ, 2025-26ರಲ್ಲಿ ಅದರ ಬಡ್ಡಿ ಶೇ 8.94! ಸಾಲವನ್ನೂ ‘ಏಡ್’ ಅಂತ ಕರೆಯುವ ಈ ಜಾಣತನ ನನಗೆ ಯಾವತ್ತೂ ಅರಗಿಲ್ಲ. ಗ್ರಾಂಟ್ ಮಾತ್ರ ಕಳೆಯಿರಿ: ಖರ್ಚು 62,000. ವ್ಯತ್ಯಾಸ ಆರಲ್ಲ, 24,000. ನಾಲ್ಕು ವರ್ಷಕ್ಕೆ 96,000, ಅದೂ ಫೀಸು ಏರದಿದ್ದರೆ.

ಇನ್ನು ಸೈಟು. ಏಡ್‌ಗಾಗಿ ಪ್ರತಿ ವರ್ಷ ತುಂಬುವ ಸರ್ಕಾರಿ ಅರ್ಜಿ ಫ್ಯಾಫ್ಸಾ ಫಾರ್ಮಿನಲ್ಲಿ ನೀವು ವಾಸವಿರುವ ಮನೆ ಲೆಕ್ಕಕ್ಕಿಲ್ಲ, ಆದರೆ ಮೈಸೂರಿನ ಸೈಟು ಲೆಕ್ಕಕ್ಕುಂಟು (ಬರೆದಿದ್ದೀರಿ ತಾನೇ?). ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಆ ಫಾರ್ಮು ಎರಡು ವರ್ಷ ಹಿಂದಿನ ಆದಾಯ ಕೇಳುತ್ತದೆ, ಹಾಗಾಗಿ 2026ರಲ್ಲಿ ಸೈಟು ಮಾರಿದರೆ ಬಂದ ಲಾಭ ಅಮೆರಿಕದ ತೆರಿಗೆ ರಿಟರ್ನಿನಲ್ಲಿ ಸೇರಿ, ಮಗಳು ಮೂರನೇ ವರ್ಷಕ್ಕೆ ಕಾಲಿಡುವ 2028-29ರ ಫಾರ್ಮಿನಲ್ಲಿ ನಿಮ್ಮನ್ನು ಶ್ರೀಮಂತರಂತೆ ತೋರಿಸುತ್ತದೆ. ಆ ವರ್ಷ ಗ್ರಾಂಟ್ ಇಳಿದರೆ ಏನು ಮಾಡುತ್ತೀರಿ? ಮಾರಲು ಇನ್ನೊಂದು ಸೈಟು ಇಲ್ಲವಲ್ಲ.

ಮೊದಲು ಗ್ರಾಂಟ್ ಹೆಚ್ಚಿಸಿ ಅಂತ ಕಾಲೇಜಿನ ಏಡ್ ಆಫೀಸಿಗೆ ಅಪೀಲು ಬರೆಯಿರಿ. ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ ದಾಖಲೆ ಸಮೇತ ಕೊಡಿ, ಸುಮ್ನೆ ಕಷ್ಟ ಅಂದರೆ ನಡೆಯುವುದಿಲ್ಲ. ಗ್ರಾಂಟ್ ನಾಲ್ಕೂ ವರ್ಷ ಇಷ್ಟೇ ಇರುತ್ತದಾ ಅಂತಲೂ ಕೇಳಿ. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಒಪ್ಪಿಗೆ ಕೊಡಬೇಕು, ತಡ ಮಾಡಬೇಡಿ. ಗ್ರಾಂಟ್ ಇನ್ನೊಂದು 15,000 ಏರಿದರೆ ಯೋಚಿಸಬಹುದು. ಇಲ್ಲದಿದ್ದರೆ ನಾನಾದರೆ ಸ್ಟೇಟ್ ಯೂನಿವರ್ಸಿಟಿಗೇ ಹೂಂ ಅನ್ನುತ್ತೇನೆ.

ಒಂದು ಸಂಜೆ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಯಜಮಾನರ ಮುಂದಿಡಿ. ಮಗಳನ್ನೂ ಕೂರಿಸಿಕೊಳ್ಳಿ. ಆ 5,500 ಅವಳ ಹೆಸರಿನ ಸಾಲ ಅಲ್ವಾ, ಅವಳನ್ನು ಇನ್ನೂ ಯಾರೂ ಕೇಳಿದಂತಿಲ್ಲ.