ಮೋಟರ್ ನಿಂತರೆ ಎಲ್ಲಿ ಇಳಿಸ್ತೀರಿ?

ರೇಡಿಯೊ ಕಂಟ್ರೋಲ್ ವಿಮಾನಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಹೊಸಬರಿಗೆ ಹಾರಾಟ ಕಲಿಸುವ ತರಬೇತುದಾರರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಮೇಡಂ, ಮಗಳಿಗೆ ಹದಿಮೂರು ವರ್ಷ. ಅವಳ ಸೋದರಮಾವ ಒಂದು ಫೋಮ್ ವಿಮಾನ ಕೊಡಿಸಿದ್ದಾರೆ. ಬ್ಯಾಟರಿ ಸೇರಿ ಒಂದೂವರೆ ಕಿಲೋ ತೂಗುತ್ತದೆ. ಮನೆ ಹಿಂದೆ ಮೈದಾನ ಇದೆ. ಸಂಜೆ ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಒಂದು ಮೂಲೆಯಲ್ಲಿ ಹಾರಿಸಿಕೊಂಡರೆ ಆಯ್ತಲ್ವಾ? ಫೋಮ್ ತಾನೇ, ತಗುಲಿದರೂ ಏನಾಗುತ್ತದೆ? — ಒಬ್ಬ ತಂದೆ

ಬೇಡ ಸರ್. ಮಕ್ಕಳು ಆಡುತ್ತಿರುವಾಗ ಆ ಮೈದಾನದಲ್ಲಿ ದಯವಿಟ್ಟು ಹಾರಿಸಬೇಡಿ.

ಫೋಮ್ ಎಂದರೆ ಮೆತ್ತಗೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೆತ್ತಗಿರುವುದು ಹೊರಗಿನ ಮೈ ಮಾತ್ರ. ಒಳಗೆ ಬ್ಯಾಟರಿ ಇದೆ, ಮೋಟರ್ ಇದೆ, ಮೂತಿಯಲ್ಲಿ ಗಟ್ಟಿ ಶಾಫ್ಟ್ ಇದೆ. ಒಂದೂವರೆ ಕಿಲೋ ವಿಮಾನ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಇದೇನೂ ಭಾರಿ ವೇಗ ಅಲ್ಲ, ಈ ಅಳತೆಯ ವಿಮಾನಗಳು ಆರಾಮಾಗಿ ಮುಟ್ಟುತ್ತವೆ. ಆಗ ಅದರಲ್ಲಿ 300 ಜೂಲ್ ಶಕ್ತಿ ಇರುತ್ತದೆ. ಆರೇಳು ಮಹಡಿ ಮೇಲಿಂದ ಒಂದೂವರೆ ಕಿಲೋ ವಸ್ತು ಬಿದ್ದರೆ ನೆಲ ಮುಟ್ಟುವಾಗ ಎಷ್ಟು ಶಕ್ತಿ ಇರುತ್ತದೋ ಅಷ್ಟು. ಇದು ಮಗುವಿನ ತಲೆಗೆ ಬಡಿದರೆ ಏನಾಗಬಹುದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂಲೆ ಎಂಬ ಮಾತಿಗೂ ಅರ್ಥ ಇಲ್ಲ. ಅದೇ ವೇಗದಲ್ಲಿ ವಿಮಾನ ಒಂದು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಹೊಸಬರಿಗೆ ತಪ್ಪು ಗೊತ್ತಾಗಿ ಕೈ ಕೆಲಸ ಮಾಡುವಷ್ಟರಲ್ಲಿ ಎರಡು ಮೂರು ಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ವಿಮಾನ ಮೈದಾನದ ಈ ಮೂಲೆಯಿಂದ ಮಕ್ಕಳಿರುವ ಕಡೆಗೆ ಹೋಗಿಯಾಗಿರುತ್ತದೆ.

ನನ್ನ ಹತ್ತಿರ ಕಲಿಯುವವರು ಪ್ರತಿ ಸಲ ವಿಮಾನ ಏರಿಸುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: "ಈಗ ಮೇಲೆ ಹೋದ ತಕ್ಷಣ ಮೋಟರ್ ನಿಂತರೆ ಎಲ್ಲಿ ಇಳಿಸ್ತೀಯ?" ಬೆರಳು ತೋರಿಸಿ ಹೇಳಬೇಕು. "ಅಲ್ಲೆಲ್ಲೋ" ಅಂದರೆ ಆ ದಿನ ಹಾರಾಟ ಇಲ್ಲ. ತೋರಿಸಿದ ಕಡೆ ಜನ ಇದ್ದರೂ ಇಲ್ಲ. ಜಾಗ ಆರಿಸುವಾಗ ನೀವೂ ಇದನ್ನೇ ಕೇಳಿಕೊಳ್ಳಿ. ವಿಮಾನ ಮಾತು ಕೇಳದೇ ಹೋದರೆ ಕೆಳಗೆ ಏನಿದೆ? ರಸ್ತೆ, ಮನೆ, ಶಾಲೆ, ಕರೆಂಟ್ ತಂತಿ ಇದ್ದರೆ ಆ ಜಾಗ ಬೇಡ.

ಹತ್ತಿರದಲ್ಲಿ ಮಾಡೆಲ್ ವಿಮಾನಗಳ ಕ್ಲಬ್ ಇದೆಯಾ ವಿಚಾರಿಸಿ. ಅಲ್ಲಿ ಹಾರಿಸುವವರು ನಿಲ್ಲಲು ಒಂದು ಗೆರೆ ಇರುತ್ತದೆ. ವಿಮಾನ ಯಾವಾಗಲೂ ಗೆರೆಯ ಆಚೆ, ಜನ ಈಚೆ. ಎಷ್ಟು ನುರಿತವರಾದರೂ ತಲೆಯ ಹಿಂದೆ ಹಾರಿಸುವಂತಿಲ್ಲ. ಇಳಿಸುವವರು "ಲ್ಯಾಂಡಿಂಗ್" ಎಂದು ಗಟ್ಟಿಯಾಗಿ ಕೂಗುತ್ತಾರೆ, ಉಳಿದವರು ದಾರಿ ಬಿಡುತ್ತಾರೆ. ಎಷ್ಟೋ ಕ್ಲಬ್‌ಗಳಲ್ಲಿ ಸದಸ್ಯತ್ವದ ಜೊತೆ ವಿಮೆಯೂ ಸಿಗುತ್ತದೆ. ಬೇರೆಯವರಿಗೆ ಪೆಟ್ಟಾದರೆ ಅದು ಬೇಕಾಗುತ್ತದೆ. ನಿಮ್ಮಲ್ಲಿ ನೋಂದಣಿ, ಅನುಮತಿ ಏನು ಬೇಕು ಅನ್ನುವುದನ್ನು ವಿಮಾನಯಾನ ಇಲಾಖೆಯ ಈಗಿನ ನಿಯಮ ನೋಡಿಯೇ ತಿಳಿದುಕೊಳ್ಳಿ. ಯಾರೋ ಹೇಳಿದ್ದು ಸಾಲದು.

ಮಗಳಿಗೆ ಕಲಿಯುವ ಆಸೆ ಇದ್ದರೆ ಖಂಡಿತ ಕಲಿಸಿ. ಹದಿಮೂರು ಒಳ್ಳೆಯ ವಯಸ್ಸು. ಪಕ್ಕದಲ್ಲಿ ದೊಡ್ಡವರು ಇರಲಿ.

ವಿಮಾನ ನನ್ನಿಂದ ದೂರ ಹೋಗುವಾಗ ಸರಿಯಾಗಿ ಹಾರಿಸುತ್ತೇನೆ. ತಿರುಗಿ ನನ್ನ ಕಡೆ ಬರುವಾಗ ಎಡ ಬಲ ಅದಲುಬದಲಾಗಿ ಬೀಳಿಸುತ್ತೇನೆ. ವಿಡಿಯೊ ನೋಡಿ ಒಬ್ಬನೇ ಕಲಿಯುತ್ತಿದ್ದೇನೆ. ಇದಕ್ಕೆ ಉಪಾಯ ಇದೆಯಾ? — ಕಾಲೇಜು ವಿದ್ಯಾರ್ಥಿ

ಇದೆ. ವಿಮಾನ ನಿಮ್ಮ ಕಡೆ ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ಬಾಗಿದೆ ನೋಡಿ. ನಿಮಗೆ ಅದು ಯಾವ ಪಕ್ಕ ಕಾಣುತ್ತದೋ, ರಿಮೋಟಿನಲ್ಲಿ ವಿಮಾನ ವಾಲಿಸುವ ಸ್ಟಿಕ್ಕನ್ನು ಆ ಪಕ್ಕಕ್ಕೇ ತಳ್ಳಿ. ಬಾಗಿದ ರೆಕ್ಕೆಗೆ ಸ್ಟಿಕ್ಕಿನಿಂದ ಆಸರೆ ಕೊಟ್ಟು ಎತ್ತುತ್ತಿದ್ದೀರಿ ಅಂದುಕೊಳ್ಳಿ. ವಿಮಾನ ಸಮ ಆಗುತ್ತದೆ. ಎಡ ಬಲ ಎಂದು ತಲೆಯಲ್ಲಿ ಲೆಕ್ಕ ಹಾಕಲು ಹೋದರೆ ಸಮಯ ಸಾಲುವುದಿಲ್ಲ.

ಆದರೆ ಒಬ್ಬರೇ ಕಲಿಯುವುದು ನನಗೆ ಒಪ್ಪಿಗೆ ಇಲ್ಲ. ಮೊದಲು ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು, ನಿಮ್ಮದೇ ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್, ಜೋಡಿಸಿ, ಬೆರಳಿಗೆ ಅಭ್ಯಾಸ ಮಾಡಿಸಿ. ಅಲ್ಲಿ ಎಷ್ಟು ಸಲ ಬಿದ್ದರೂ ಯಾರಿಗೂ ಏನೂ ಆಗುವುದಿಲ್ಲ. ಆಮೇಲೆ ಬಡ್ಡಿ ಬಾಕ್ಸ್ ಇರುವ ಗುರುವನ್ನು ಹುಡುಕಿ. ಎರಡು ಟ್ರಾನ್ಸ್‌ಮಿಟರ್ ಜೋಡಿಸಿಕೊಂಡು ಹಾರಿಸುವ ವ್ಯವಸ್ಥೆ ಅದು. ನೀವು ತಪ್ಪಿದ ಕ್ಷಣ ಗುರು ಒಂದು ಸ್ವಿಚ್ಚಿನಿಂದ ಹಿಡಿತ ತೆಗೆದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಇರುವುದು ಯುದ್ಧವಿಮಾನದ ಮಾಡೆಲ್ ಆಗಿದ್ದರೆ ಸದ್ಯಕ್ಕೆ ಎತ್ತಿಡಿ. ರೆಕ್ಕೆ ಮೇಲ್ಭಾಗದಲ್ಲಿರುವ, ಎರಡೂ ತುದಿ ಸ್ವಲ್ಪ ಮೇಲೆದ್ದಿರುವ ಟ್ರೈನರ್ ತಗೊಳ್ಳಿ. ಸ್ಟಿಕ್ ಬಿಟ್ಟರೆ ತಾನಾಗಿ ಸಮಕ್ಕೆ ಬರುವ ಗುಣ ಅದಕ್ಕಿದೆ.

ಇನ್ನೊಂದು ಮಾತು. ಮೋಟರ್ ನಿಂತರೆ ಹೊಸಬರು ಮೂತಿ ಎತ್ತಿ ಹಿಡಿಯುತ್ತಾರೆ, ಇಲ್ಲವೇ ತಮ್ಮ ಕಡೆಗೆ ತಿರುಗಿಸಲು ಹೋಗುತ್ತಾರೆ. ಎರಡರಲ್ಲೂ ವೇಗ ಹೋಗಿ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಬಲ ಸಾಲದೆ, ಬೀಳುತ್ತದೆ. ಮೂತಿ ಸ್ವಲ್ಪ ತಗ್ಗಿಸಿ, ರೆಕ್ಕೆ ಸಮ ಇಟ್ಟು, ಮುಂದೆ ಸಿಕ್ಕ ಖಾಲಿ ಜಾಗಕ್ಕೆ ಇಳಿಸಿ. ವಿಮಾನ ಮುರಿದರೆ ಮುರಿಯಲಿ.

ಅಕ್ಕಾ, ನನ್ನ ವಿಮಾನದ ರೆಕ್ಕೆ 1.2 ಮೀಟರ್ ಅಗಲ ಇದೆ. ರಿಮೋಟ್ ಒಂದು ಕಿಲೋಮೀಟರ್ ದೂರ ಕೆಲಸ ಮಾಡುತ್ತೆ ಅಂತ ಡಬ್ಬಿ ಮೇಲೆ ಬರೆದಿದೆ. ಅಷ್ಟು ಮೇಲೆ ಕಳಿಸಬಹುದಾ? — ಎಂಟನೇ ತರಗತಿ

ಬೇಡ ಮರಿ. ರಿಮೋಟಿನ ಸಿಗ್ನಲ್ ಹೋಗುತ್ತದೆ, ನಿನ್ನ ಕಣ್ಣು ಹೋಗಲ್ಲ. ಹುಣ್ಣಿಮೆ ಚಂದ್ರನನ್ನು ನೋಡಿದ್ದೀಯಲ್ಲ? ನಿನ್ನ ವಿಮಾನ 400 ಮೀಟರ್ ದೂರ ಹೋದರೆ ಅದರ ಇಡೀ ರೆಕ್ಕೆ ಚಂದ್ರನ ಅಗಲದ ಮೂರನೇ ಒಂದರಷ್ಟೇ ಕಾಣುತ್ತದೆ. ಒಂದು ಕಪ್ಪು ಗೀಟು, ಅಷ್ಟೇ. ಮೂತಿ ಯಾವ ಕಡೆ, ಬೆನ್ನು ಮೇಲಿದೆಯೋ ಹೊಟ್ಟೆ ಮೇಲಿದೆಯೋ ಗೊತ್ತಾಗಲ್ಲ. ಗೊತ್ತಾಗದೆ ಸ್ಟಿಕ್ ಆಡಿಸಿದರೆ ವಿಮಾನ ಎಲ್ಲಿ ಹೋಗುತ್ತೋ ಯಾರಿಗೆ ಗೊತ್ತು?

ಆಕಾಶದಲ್ಲಿ ನಿಜವಾದ ವಿಮಾನ, ಹೆಲಿಕಾಪ್ಟರ್ ಕೂಡ ಇರುತ್ತವೆ. ಅವುಗಳಲ್ಲಿ ಜನ ಕೂತಿರುತ್ತಾರೆ. ಅದಕ್ಕೇ ಅನೇಕ ದೇಶಗಳಲ್ಲಿ 120 ಮೀಟರಿಗಿಂತ ಮೇಲೆ ಹೋಗಬಾರದು ಎಂಬ ಮಿತಿ ಇದೆ. ವಿಮಾನ ನಿಲ್ದಾಣದ ಹತ್ತಿರವಂತೂ ಅನುಮತಿ ಇಲ್ಲದೆ ಹಾರಿಸಲೇಬಾರದು. ಹೆಲಿಕಾಪ್ಟರ್ ಸದ್ದು ಕೇಳಿದರೆ ಅದು ಕಾಣುವ ತನಕ ಕಾಯಬೇಡ, ತಕ್ಷಣ ಕೆಳಗೆ ಇಳಿಸು. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೋ. ನೀನು ನಿನ್ನ ವಿಮಾನ ನೋಡು, ಅವರು ಉಳಿದ ಆಕಾಶ ನೋಡಲಿ. ಸೂರ್ಯನ ಕಡೆಗೆ ಹಾರಿಸಬೇಡ. ಒಂದೇ ಕ್ಷಣ ಕಣ್ಣು ಕುಕ್ಕಿದರೂ ವಿಮಾನ ಎಲ್ಲಿದೆ ಅಂತ ಸಿಗಲ್ಲ.

ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಈ ಹವ್ಯಾಸಕ್ಕೆ ಬಂದಿದ್ದೇನೆ. ಆಗ ಪೆಟ್ರೋಲ್, ಗ್ಲೋ ಎಂಜಿನ್. ಈಗ ಎಲೆಕ್ಟ್ರಿಕ್ ತೆಗೆದುಕೊಂಡೆ. ಇದು ಎಂಜಿನ್ನಿಗಿಂತ ಸುರಕ್ಷಿತ ಅಲ್ಲವೇ? ನನ್ನ ಹಳೆಯ ಕ್ರಿಸ್ಟಲ್ ರೇಡಿಯೊ ಸೆಟ್ ಬಳಸಬಹುದೇ? — ನಿವೃತ್ತ ಅಧ್ಯಾಪಕ

ನಮಸ್ಕಾರ ಮೇಷ್ಟ್ರೇ. ಮತ್ತೆ ಬಂದಿದ್ದು ಬಹಳ ಸಂತೋಷ. ಆದರೆ ಎಲೆಕ್ಟ್ರಿಕ್ಕನ್ನು ನೀವು ಎಂಜಿನ್ನಿಗಿಂತ ಜಾಸ್ತಿ ಅನುಮಾನದಿಂದ ನೋಡಬೇಕು.

ಎಂಜಿನ್ ಶುರು ಮಾಡಲು ಕಷ್ಟ ಪಡಬೇಕಿತ್ತು. ಶುರುವಾದರೆ ಸದ್ದು ಕೇಳುತ್ತಿತ್ತು. ಎಲೆಕ್ಟ್ರಿಕ್ ಮೋಟರ್ ಹಾಗಲ್ಲ. ಬ್ಯಾಟರಿ ಸಿಕ್ಕಿಸಿದ ಮೇಲೆ ಅದು ಸುಮ್ಮನೆ ಕೂತಿರುತ್ತದೆ. ಅಂಗಿಯ ತೋಳು ಥ್ರಾಟಲ್‌ಗೆ, ಅಂದರೆ ಮೋಟರ್ ವೇಗದ ಸ್ಟಿಕ್ಕಿಗೆ, ತಗುಲಿದರೆ ಸಾಕು, ಆ ಕ್ಷಣವೇ ಪೂರ್ತಿ ಜೋರಿನಲ್ಲಿ ತಿರುಗುತ್ತದೆ. ಬೆರಳು ಅಡ್ಡ ಬಂದರೆ ಸಣ್ಣ ಎಂಜಿನ್ ಎಷ್ಟೋ ಸಲ ನಿಂತುಬಿಡುತ್ತಿತ್ತು. ಮೋಟರ್ ಮತ್ತೆ ತಿರುಗಲು ಒದ್ದಾಡುತ್ತದೆ, ಮತ್ತೆ ಮತ್ತೆ ಹೊಡೆಯುತ್ತದೆ.

ಲೆಕ್ಕ ನೋಡಿ. 10 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಸುತ್ತು. ಎರಡು ಅಲಗು ಇರುವುದರಿಂದ ಸೆಕೆಂಡಿಗೆ 300 ಏಟು. ತುದಿಯ ವೇಗ ಗಂಟೆಗೆ ಸುಮಾರು 430 ಕಿಲೋಮೀಟರ್. ತಿರುಗುವಾಗ ಅಲಗು ಕಣ್ಣಿಗೆ ಕಾಣುವುದೂ ಇಲ್ಲ. ನಮ್ಮ ಮೈದಾನದಲ್ಲಿ ಒಬ್ಬರು ವಿಮಾನವನ್ನು ತೊಡೆ ಮೇಲಿಟ್ಟುಕೊಂಡು ಬ್ಯಾಟರಿ ಜೋಡಿಸುತ್ತಿದ್ದರು. ಟ್ರಾನ್ಸ್‌ಮಿಟರ್ ಹುಲ್ಲಿನ ಮೇಲಿತ್ತು. ಅದು ಮಗುಚಿಕೊಂಡಿತು. ಸ್ಟಿಕ್ ನೆಲಕ್ಕೆ ಒತ್ತಿತು. ಅವರ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಸಮ ಅಂತರದಲ್ಲಿ ಗೀರುಗಳು ಬಿದ್ದಿದ್ದವು, ಬಾಚಣಿಗೆ ಎಳೆದ ಹಾಗೆ. ಕೆಲವು ಎಲುಬಿನ ತನಕ ಹೋಗಿದ್ದವು.

ಅದಕ್ಕೇ ಹೇಳುತ್ತೇನೆ. ಬ್ಯಾಟರಿ ಸಿಕ್ಕಿಸಿದ ಗಳಿಗೆಯಿಂದ ಮೋಟರ್ ಓಡುತ್ತಿದೆ ಎಂದೇ ತಿಳಿಯಿರಿ. ವಿಮಾನವನ್ನು ನೆಲದ ಮೇಲೆ ಅಲುಗದಂತೆ ನಿಲ್ಲಿಸಿ, ಪ್ರೊಪೆಲ್ಲರ್ ಹಿಂದೆ ಇರಿ. ಅದರ ಸುತ್ತಿನ ನೇರಕ್ಕೂ ಯಾರೂ ನಿಲ್ಲಬಾರದು, ಅಲಗು ಮುರಿದರೆ ಆ ಕಡೆಗೇ ಹಾರುತ್ತದೆ. ಅಂಚು ಕಿತ್ತುಹೋದ ಪ್ರೊಪೆಲ್ಲರ್ ಎಸೆಯಿರಿ, ಅಂಟಿಸಬೇಡಿ. ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್ ಕಟ್ ಸ್ವಿಚ್ ಹೊಂದಿಸಿಕೊಳ್ಳಿ, ಅದು ಹಾಕಿದ್ದರೆ ಸ್ಟಿಕ್ ಅಲುಗಿದರೂ ಮೋಟರ್ ತಿರುಗಲ್ಲ. ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ಮೊದಲು ಬ್ಯಾಟರಿ ಕಳಚಿ, ಆಮೇಲೆ ಟ್ರಾನ್ಸ್‌ಮಿಟರ್ ಆಫ್. ಮನೆಯಲ್ಲಿ ಏನೇ ಸೆಟ್ಟಿಂಗ್ ಮಾಡುವುದಿದ್ದರೂ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಿ.

ಪ್ರೊಪೆಲ್ಲರ್ ಬಿಚ್ಚಿರುವಾಗಲೇ ಫೇಲ್‌ಸೇಫ್, ಅಂದರೆ ಸಿಗ್ನಲ್ ಹೋದರೆ ಮೋಟರ್ ನಿಲ್ಲಿಸುವ ವ್ಯವಸ್ಥೆ, ಪರೀಕ್ಷೆ ಮಾಡಿಬಿಡಿ. ಮೋಟರ್ ನಿಧಾನಕ್ಕೆ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ಕೆಲವು ರಿಸೀವರ್‌ಗಳು (ವಿಮಾನದೊಳಗೆ ಸಿಗ್ನಲ್ ಹಿಡಿಯುವ ಸಾಧನ) ಸಿಗ್ನಲ್ ಹೋದಾಗ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರುತ್ತವೆ. ಆಗ ಯಾರ ಹಿಡಿತವೂ ಇಲ್ಲದ ವಿಮಾನ ಬ್ಯಾಟರಿ ಮುಗಿಯುವ ತನಕ ಹಾರಬಹುದು.

ಹಳೆಯ ಸೆಟ್ ನೆನಪಿಗೆ ಇಟ್ಟುಕೊಳ್ಳಿ. 35 ಅಥವಾ 72 ಮೆಗಾಹರ್ಟ್ಸ್ ಸೆಟ್‌ಗಳಲ್ಲಿ ಇಬ್ಬರು ಒಂದೇ ಚಾನೆಲ್ ಆನ್ ಮಾಡಿದರೆ ವಿಮಾನ ಬಿದ್ದಂತೆಯೇ. ಬೋರ್ಡಿಗೆ ಕ್ಲಿಪ್ ಸಿಕ್ಕಿಸಿ ಸರದಿ ಕಾಯುತ್ತಿದ್ದುದು ನಿಮಗೂ ನೆನಪಿರಬೇಕು. ಈಗಿನ 2.4 ಗಿಗಾಹರ್ಟ್ಸ್ ಸೆಟ್‌ಗಳಲ್ಲಿ ರಿಸೀವರನ್ನು ನಿಮ್ಮ ಟ್ರಾನ್ಸ್‌ಮಿಟರಿಗೇ ಬೈಂಡ್ ಮಾಡುತ್ತೀರಿ, ಅಂದರೆ ಅದರ ಮಾತು ಮಾತ್ರ ಕೇಳುವಂತೆ ಜೋಡಿಸುತ್ತೀರಿ, ಆ ತೊಂದರೆ ಇಲ್ಲ. ಆಂಟೆನಾದ ತುದಿಯನ್ನು ವಿಮಾನದ ಕಡೆ ನೆಟ್ಟಗೆ ತೋರಿಸಬೇಡಿ. ತುದಿಯ ದಿಕ್ಕಿನಲ್ಲಿ ಸಿಗ್ನಲ್ ಬಹಳ ಕಡಿಮೆ.

ಮಗ ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗುತ್ತಾನೆ. ಒಂದು ಬ್ಯಾಟರಿ ಊದಿಕೊಂಡಿದೆ. "ಇನ್ನೂ ಚೆನ್ನಾಗಿ ಓಡುತ್ತಮ್ಮ" ಅನ್ನುತ್ತಾನೆ. ನನಗೆ ಭಯ. — ಒಬ್ಬ ತಾಯಿ

ನಿಮ್ಮ ಭಯ ಸರಿಯಾಗಿದೆ ಅಮ್ಮ. ಮಗನಿಗೆ ಈ ಪುಟ ತೋರಿಸಿ.

ಈ ವಿಮಾನಗಳಲ್ಲಿ ಬಳಸುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯೊಳಗೆ ಬೆಂಕಿ ಹತ್ತುವ ದ್ರವ ಇದೆ. ಜಾಸ್ತಿ ಚಾರ್ಜ್ ಮಾಡಿದರೆ, ಪೂರ್ತಿ ಬರಿದು ಮಾಡಿದರೆ, ಅದು ಕೆಟ್ಟು ಗ್ಯಾಸ್ ಆಗುತ್ತದೆ. ಊದುವುದು ಅದಕ್ಕೇ. ಊದಿದ ಬ್ಯಾಟರಿಯನ್ನು ಇನ್ನು ಚಾರ್ಜ್ ಮಾಡಬಾರದು, ಚುಚ್ಚಬಾರದು, ಒತ್ತಬಾರದು. ಉರಿಯುವ ವಸ್ತು ಹತ್ತಿರ ಇಲ್ಲದ ಕಡೆ ಹೊರಗಿಡಿ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ.

ಉಳಿದ ಬ್ಯಾಟರಿಗಳನ್ನು ಎಚ್ಚರ ಇರುವಾಗ, ಕಣ್ಣೆದುರಿಗೆ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ, ಬ್ಯಾಲೆನ್ಸ್ ಚಾರ್ಜರಿನಲ್ಲಿ (ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬುವ ಚಾರ್ಜರ್) ಹಾಕಲಿ. ಹಾಸಿಗೆ ಹತ್ತಿರ ಯಾವತ್ತೂ ಬೇಡ. 2200 ಎಂಎಎಚ್ ಬ್ಯಾಟರಿಗೆ 2.2 ಆಂಪಿಯರ್ ಸಾಕು. ಒಂದು ಸೆಲ್ಲಿಗೆ 4.2 ವೋಲ್ಟ್ ಅಂದರೆ ಪೂರ್ತಿ. ಹಾಗೇ ವಾರಗಟ್ಟಲೆ ಇಡಬಾರದು, ಸುಮಾರು 3.8ಕ್ಕೆ ಇಳಿಸಿಡಬೇಕು. ಹಾರಿಸುವಾಗ ಟೈಮರ್ ಇಟ್ಟುಕೊಂಡು, ಐದನೇ ಒಂದು ಭಾಗ ಉಳಿದಿರುವಾಗಲೇ ಇಳಿಸಿದರೆ ಬ್ಯಾಟರಿಯೂ ಬಾಳುತ್ತದೆ. ಬಿದ್ದ ವಿಮಾನದ ಬ್ಯಾಟರಿಯನ್ನು ತಕ್ಷಣ ಕಾರಿನೊಳಗೆ ಇಡಬೇಡಿ. ಹೊರಗೆ ಬಿಟ್ಟು ಸ್ವಲ್ಪ ಹೊತ್ತು ಗಮನಿಸಿ. ಬೆಂಕಿ ತಡವಾಗಿಯೂ ಹತ್ತಬಹುದು.

ನಮ್ಮ ಜಮೀನಿನ ಪಕ್ಕ ಕೆಲವರು ರಜಾ ದಿನ ವಿಮಾನ ಹಾರಿಸುತ್ತಾರೆ. ದನ ಬೆದರುತ್ತವೆ. ವಿಮಾನ ಬಿದ್ದರೆ ಕೇಳದೆ ಬೆಳೆಯೊಳಗೆ ನುಗ್ಗುತ್ತಾರೆ. ಯಾರಿಗೆ ಹೇಳುವುದು? — ಒಬ್ಬ ರೈತ

ಮೊದಲು ಅವರಿಗೇ ಹೇಳಿ ಅಣ್ಣ. ನಿಮ್ಮ ಮಾತು ನ್ಯಾಯವಾಗಿದೆ. ಕೇಳದಿದ್ದರೆ ಜಾಗದ ಮಾಲೀಕರಿಗೆ ಅಥವಾ ಪೊಲೀಸರಿಗೆ ತಿಳಿಸಬಹುದು.

ಹಾರಿಸುವವರಿಗೂ ಇಲ್ಲೇ ಹೇಳುತ್ತೇನೆ. ಹಾರಿಸುವ ಜಾಗದ ಸುತ್ತ ಯಾರ ಹೊಲ ಇದೆ, ಯಾರ ಮನೆ ಇದೆ, ಹೋಗಿ ಮಾತಾಡಿಸಿ. ಯಾವ ಹೊತ್ತಿಗೆ ಹಾರಿಸಿದರೆ ಅವರಿಗೆ ತೊಂದರೆ ಇಲ್ಲ ಕೇಳಿ. ಮೋಟರಿಗೆ ಹೊಂದುವುದಾದರೆ ದೊಡ್ಡ ಪ್ರೊಪೆಲ್ಲರ್ ಹಾಕಿ ನಿಧಾನಕ್ಕೆ ತಿರುಗಿಸಿದರೆ ಸದ್ದು ಕಡಿಮೆ ಆಗುತ್ತದೆ. ಬೆಳೆಯಲ್ಲಿ ಬಿದ್ದರೆ ಅನುಮತಿ ಕೇಳಿ, ಒಬ್ಬರೇ, ಸಾಲಿನ ಮಧ್ಯೆ ನಡೆದು ಹೋಗಿ. ಬೆಳೆ ಹಾಳಾಗಿದ್ದರೆ ದುಡ್ಡು ಕೊಡಿ. ಮುರಿದ ಫೋಮ್ ಚೂರುಗಳನ್ನು ಪೂರ್ತಿ ಆರಿಸಿಕೊಂಡು ಬನ್ನಿ, ದನ ತಿಂದರೆ ಕಷ್ಟ.

ವಿಮಾನ ಕರೆಂಟ್ ತಂತಿಗೆ ಸಿಕ್ಕಿಹಾಕಿಕೊಂಡಿದೆ. ಉದ್ದ ಕೋಲಿನಿಂದ ತೆಗೆಯಬಹುದಾ? — ಹೆಸರು ಬರೆದಿಲ್ಲ

ಮುಟ್ಟಬೇಡಿ. ರೆಕ್ಕೆಯೊಳಗಿನ ಕಾರ್ಬನ್ ಕಡ್ಡಿಯಲ್ಲಿ ಕರೆಂಟ್ ಹರಿಯುತ್ತದೆ, ಹಸಿ ಕೋಲಿನಲ್ಲೂ ಹರಿಯುತ್ತದೆ. ಕೆಳಗೆ ಯಾರೂ ಹೋಗದಂತೆ ನೋಡಿಕೊಂಡು ವಿದ್ಯುತ್ ಕಚೇರಿಗೆ ಫೋನ್ ಮಾಡಿ. ಅವರು ಲೈನ್ ಆಫ್ ಮಾಡಿ ತೆಗೆದುಕೊಡುತ್ತಾರೆ. ತೆಗೆಯಲು ಆಗದಿದ್ದರೆ ವಿಮಾನ ಅಲ್ಲೇ ಇರಲಿ.