ಎಂಟು ದಿನ ಊರಿಗೆ ಹೋಗಬೇಕು, ಬೆಕ್ಕನ್ನು ನೋಡಿಕೊಳ್ಳುವವರ ಕೈಗೆ ಒಪ್ಪಿಸುವ ಮುಂಚೆ ಏನೇನು ಮಾಡಬೇಕು?

ತಂಗಿಯ ಮದುವೆಗೆ ಎಂಟು ದಿನ ಊರಿಗೆ ಹೋಗಬೇಕು, 3 ವರ್ಷದ ಗಂಡುಬೆಕ್ಕು ಬೆಂಗಳೂರಿನ ಫ್ಲ್ಯಾಟಿನಲ್ಲೇ ಇರುತ್ತದೆ, ದಿನಕ್ಕೆ ಎರಡು ಸಲ ಒಬ್ಬರು ಬಂದು ನೋಡಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಮನೆಯಲ್ಲೇ ಬಿಡುತ್ತಿರುವುದು ಒಳ್ಳೆಯದೇ ಆಯಿತು. ಬೆಕ್ಕಿಗೆ ತನ್ನ ಜಾಗ ಬಿಡುವುದೇ ದೊಡ್ಡ ಸಂಕಟ.

ನಾವು ಮೊದಲ ಸಲ ಶಿವಮೊಗ್ಗಕ್ಕೆ ಹೋದಾಗ ನಮ್ಮ ಬೆಕ್ಕು ಚಿನ್ನುವನ್ನು ನೋಡಿಕೊಳ್ಳುವ ಹುಡುಗಿಗೆ ಬೀಗದ ಕೈ ಕೊಟ್ಟು, ಊಟದ ಡಬ್ಬಿ ತೋರಿಸಿ ಹೊರಟುಬಿಟ್ಟೆವು. ಸಂಜೆ ಫೋನ್ ಬಂತು: "ಅಕ್ಕಾ, ಚಿನ್ನು ಎಲ್ಲೂ ಕಾಣ್ತಿಲ್ಲ." ಬಾಲ್ಕನಿಯಿಂದ ಬಿದ್ದಿತೇನೋ ಅಂತ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಮರುದಿನ ಅಟ್ಟದ ಮೇಲೆ ಹಳೇ ಸೂಟ್‌ಕೇಸಿನ ಹಿಂದೆ ಸಿಕ್ಕಿತು. ಗುರುತಿಲ್ಲದವರು ಒಳಗೆ ಬಂದರು ಅಂತ ಹೆದರಿ ಅಡಗಿತ್ತು, ಅಷ್ಟೇ.

ಆದ್ದರಿಂದ ನೋಡಿಕೊಳ್ಳುವವರನ್ನು ಮುಂಚೆಯೇ ಎರಡು ಮೂರು ಸಲ ಮನೆಗೆ ಕರೆಸಿ. ಒಂದು ಸಲವಾದರೂ ಊಟ ಅವರ ಕೈಯಿಂದಲೇ ಬೀಳಲಿ. ಬೆಕ್ಕು ಅಡಗುವ ಜಾಗಗಳನ್ನೆಲ್ಲ ಫೋಟೊ ತೆಗೆದು ಕಳಿಸಿ. ಹೊರಡುವ ವಾರ ಹೊಸ ಆಹಾರ, ಹೊಸ ಲಿಟರ್ (ಬೆಕ್ಕು ಮಲಮೂತ್ರ ಮಾಡುವ ಟ್ರೇಗೆ ಹಾಕುವ ಮಣ್ಣು) ಬೇಡವೇ ಬೇಡ.

ಮನೆಯೊಳಗೆ ನಾನು ಮೊದಲು ನೋಡುವುದು ಬಾಲ್ಕನಿ ಬಲೆ. ಪಾರಿವಾಳಕ್ಕೆ ಅಂತ ಕಟ್ಟಿದ ನೈಲಾನ್ ಬಲೆ ಬಿಸಿಲಿಗೆ ಶಿಥಿಲವಾಗಿರುತ್ತದೆ, ಎಳೆದು ನೋಡಿ. ಲಿಲಿ ಹೂವಿನ ಗುಚ್ಛವಿದ್ದರೆ ಯಾರಿಗಾದರೂ ಕೊಟ್ಟುಬಿಡಿ. ಅದರ ಪರಾಗ ಮೈಗೆ ಅಂಟಿ, ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಬೀರುವಿನ ನುಸಿಗುಳಿಗೆ, ಜ್ವರದ ಪ್ಯಾರಾಸಿಟಮಾಲ್ ಎರಡೂ ವಿಷವೇ. ನೆಲಕ್ಕೆ ಫಿನಾಯಿಲ್ ಹಾಕಬೇಡಿ ಅಂತ ಕೆಲಸದವರಿಗೂ ಹೇಳಿ, ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ. ವಾಷಿಂಗ್ ಮೆಷಿನ್ ಬಾಗಿಲು ಸದಾ ಮುಚ್ಚಿರಲಿ.

ನಿಮ್ಮದು ಗಂಡುಬೆಕ್ಕು ಅಂದಿದ್ದಕ್ಕೆ ಇದೊಂದನ್ನು ಒತ್ತಿ ಹೇಳುತ್ತೇನೆ. ಗಂಡುಬೆಕ್ಕುಗಳಿಗೆ ಆತಂಕದಲ್ಲಿ ಮೂತ್ರ ಕಟ್ಟಿಕೊಳ್ಳುವುದುಂಟು. ಬಿಟ್ಟರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಲಿಟರ್ ಟ್ರೇಯನ್ನು ಬರೀ ತೆಗೆದು ಎಸೆಯದೆ, ಮೂತ್ರದಿಂದ ಗಟ್ಟಿಯಾದ ಉಂಡೆ ಎಷ್ಟು ಇತ್ತು ಅಂತ ಪ್ರತಿ ಸಲ ಮೆಸೇಜ್ ಮಾಡಲು ಹೇಳಿ. ಪದೇ ಪದೇ ಟ್ರೇಗೆ ಹೋಗಿ ಕೂತು, ಒದ್ದೆಯೇ ಆಗದಿದ್ದರೆ ನಿಮ್ಮ ಫೋನಿಗೂ ಕಾಯದೆ ಡಾಕ್ಟರ ಹತ್ತಿರ ಒಯ್ಯಬೇಕು. ಒಂದು ದಿನವಿಡೀ ಏನೂ ತಿನ್ನದಿದ್ದರೂ ಡಾಕ್ಟರಿಗೆ ಫೋನ್ ಮಾಡಬೇಕು, ಬೆಕ್ಕು ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ.

ಬೆಕ್ಕನ್ನು ಒಯ್ಯುವ ಬುಟ್ಟಿ ಅಟ್ಟದಲ್ಲಿದ್ದರೆ ಇವತ್ತೇ ಇಳಿಸಿ, ಬಾಯಿ ತೆಗೆದು ನಡುಮನೆಯಲ್ಲಿಡಿ, ಒಳಗೆ ನೀವು ಉಟ್ಟ ಹಳೇ ಬಟ್ಟೆ ಹಾಸಿ. ಅದರ ಪಕ್ಕ ಲಸಿಕೆ ಕಾರ್ಡು, ರಾತ್ರಿಯೂ ತೆರೆದಿರುವ ಆಸ್ಪತ್ರೆಯ ವಿಳಾಸ, ನಾನಿಲ್ಲದಾಗ ಚಿಕಿತ್ಸೆ ಕೊಡಿಸಬಹುದು ಅಂತ ನಿಮ್ಮ ಸಹಿಯ ಚೀಟಿ, ಸ್ವಲ್ಪ ದುಡ್ಡು. ಮದುವೆಮನೆಯ ಗದ್ದಲದಲ್ಲಿ ನೀವು ಫೋನ್ ಎತ್ತದಿರಬಹುದು, ಬೆಂಗಳೂರಲ್ಲೇ ಇರುವ ಇನ್ನೊಬ್ಬರ ನಂಬರನ್ನೂ ಬರೆದಿಡಿ, ಎರಡನೇ ಬೀಗದ ಕೈ ಅವರ ಹತ್ತಿರ ಇರಲಿ.

ಇನ್ನೊಂದು, ಇಂಥ ದಿನ ವಾಪಸ್ ಬರುತ್ತೇವೆ ಅಂತ ಹೇಳಿ ಸುಮ್ಮನಾಗಬೇಡಿ. ಬಸ್ಸು ತಪ್ಪಬಹುದು, ನೆಂಟರು ಬಿಡದಿರಬಹುದು. "ನಾವು ಮನೆ ಸೇರಿದೆವು ಅಂತ ಫೋನ್ ಮಾಡುವ ತನಕ ಬರುತ್ತಲೇ ಇರಮ್ಮ" ಅಂತ ಹೇಳಿ ಹೋಗಿ.